ಚಂಡಮಾರುತದ ಸೀಸನ್‌ನಲ್ಲಿ ಜಾಹೀರಾತು ಯಾವುದು, ಎಚ್ಚರಿಕೆ ಯಾವುದು: ಗುರುತಿಸುವುದು ಹೇಗೆ

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಸೀಸನ್ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಜಾಹೀರಾತುಗಳು ಅದಕ್ಕೂ ಮೊದಲೇ ಶುರು. ಜನರೇಟರ್, ಕಿಟಕಿ, ಇನ್ಶೂರೆನ್ಸ್, ಚಾವಣಿ ರಿಪೇರಿ, ಎಲ್ಲದರಲ್ಲೂ "ಬೇಗ ಮಾಡಿ", "ಇದೇ ಕೊನೆಯ ಅವಕಾಶ", "ತಡ ಮಾಡಿದರೆ ಕಷ್ಟ". ಹವಾಮಾನ ಮುನ್ಸೂಚನೆ ಬರೆಯುವ ನನಗೆ ಇದರಿಂದ ನಿಜಕ್ಕೂ ಚಿಂತೆ ಆಗುತ್ತದೆ. ಯಾಕೆಂದರೆ ಮನೆ ಬಿಟ್ಟು ಹೊರಡಿ ಎಂದು ಹೇಳಲೇಬೇಕಾದ ದಿನ ನಮ್ಮ ಹತ್ತಿರ ಇರುವುದೂ ಇವೇ ಮಾತುಗಳು, ಅಷ್ಟು ಹೊತ್ತಿಗೆ ಅವನ್ನು ಕೇಳಿ ಕೇಳಿ ಜನರ ಕಿವಿ ಜಡ್ಡುಗಟ್ಟಿರುತ್ತದೆ. ಅಮೆರಿಕದ ಫ್ಲಾರಿಡಾ, ಟೆಕ್ಸಾಸ್, ಕ್ಯಾರೊಲಿನಾ ಕಡೆ ಇರುವ ನಮ್ಮವರು ಕೆಳಗಿನ ಕೆಲಸಗಳನ್ನು ಸಮುದ್ರ ಸುಮ್ಮನಿರುವಾಗಲೇ ಮಾಡಿಕೊಳ್ಳಿ.

ಮೊದಲು ಫೋನ್ ಸ್ವಚ್ಛ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಎಮರ್ಜೆನ್ಸಿ ಅಲರ್ಟ್ ಆನ್ ಇದೆಯಾ ನೋಡಿ. ಜೋರಾಗಿ ಕೂಗಿ, ಫೋನ್ ನಡುಗಿಸಿ ಬರುತ್ತದಲ್ಲ, ಅದೇ. ಅದನ್ನು ಕಳಿಸುವ ಅಧಿಕಾರ ಇರುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಹೆಚ್ಚೆಂದರೆ 360 ಅಕ್ಷರ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಯಾವ ಅಂಗಡಿಯೂ ಅದರಲ್ಲಿ ನುಸುಳುವ ಹಾಗಿಲ್ಲ. ಆಮೇಲೆ ನಿಮಗೆ ಗೊತ್ತಿರುವ ಅಂಗಡಿಗಳ ಮಾರಾಟದ ಮೆಸೇಜ್‌ಗಳಿಗೆ 'ಸ್ಟಾಪ್' ಎಂದು ಉತ್ತರ ಕಳಿಸಿ. ಗೊತ್ತಿಲ್ಲದ ನಂಬರ್ ಆದರೆ ಉತ್ತರವೇ ಬೇಡ, ಬ್ಲಾಕ್ ಮಾಡಿ. ಪುಕ್ಕಟೆ ಹವಾಮಾನ ಆ್ಯಪ್‌ಗಳಲ್ಲಿ ಹೆಚ್ಚಿನವು ಜಾಹೀರಾತಿನಿಂದಲೇ ನಡೆಯುತ್ತವೆ, ಹಾಗಾಗಿ ಅವುಗಳ ನೋಟಿಫಿಕೇಶನ್‌ನಲ್ಲಿ ಸರ್ಕಾರಿ ಎಚ್ಚರಿಕೆ ಒಂದನ್ನು ಬಿಟ್ಟು ಉಳಿದಿದ್ದೆಲ್ಲ ಆಫ್ ಮಾಡಿ.

ಈಗ ಓದುವ ವಿಷಯ. ಚಂಡಮಾರುತಗಳ ಮುನ್ಸೂಚನೆ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ, ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಹೊರಡಿಸುವ ಒಂದು ಅಡ್ವೈಸರಿಯನ್ನು, ಅಂದರೆ ಬಿರುಗಾಳಿಯ ಅಧಿಕೃತ ಪ್ರಕಟಣೆಯನ್ನು, ಪೂರ್ತಿ ಓದಿ ನೋಡಿ, ಎರಡೇ ನಿಮಿಷದ ಕೆಲಸ. ಹೊರಡಿಸಿದ ಸಮಯ ಇರುತ್ತದೆ, ಬಿರುಗಾಳಿ ಯಾವ ಅಕ್ಷಾಂಶ ರೇಖಾಂಶದಲ್ಲಿದೆ, ಗಾಳಿ ಎಷ್ಟು ವೇಗ, ಯಾವ ಕಡೆ ಸಾಗುತ್ತಿದೆ ಎಂದು ಇರುತ್ತದೆ. ಎಲ್ಲಕ್ಕಿಂತ ಕೊನೆಗೆ, ಮುಂದಿನ ಅಡ್ವೈಸರಿ ಎಷ್ಟು ಗಂಟೆಗೆ ಎಂದು ಬರೆದಿರುತ್ತದೆ. ಸೀಸನ್‌ನ ಹೆಚ್ಚಿನ ದಿನಗಳಲ್ಲಿ ಪೂರ್ವ ಕರಾವಳಿಯ ಗಡಿಯಾರದಲ್ಲಿ ಬೆಳಗ್ಗೆ 5 ಮತ್ತು 11, ಸಂಜೆ 5, ರಾತ್ರಿ 11. ದಡಕ್ಕೆ ಎಚ್ಚರಿಕೆ ಕೊಟ್ಟ ಮೇಲೆ ಮಧ್ಯೆ ಮಧ್ಯೆ 3 ಗಂಟೆಗೊಮ್ಮೆಯೂ ಬರುತ್ತದೆ. ನನಗೆ ಆ ಕೊನೆಯ ಸಾಲು ತುಂಬಾ ಮುಖ್ಯ ಅನಿಸುತ್ತದೆ. ಮುಂದೆ ಯಾವಾಗ ನೋಡಬೇಕು ಎಂದು ಹೇಳುವವರು ನಿಮಗೆ ಯೋಚಿಸಲು ಸಮಯ ಕೊಡುತ್ತಿದ್ದಾರೆ. "ಆಫರ್ ಇನ್ನು 6 ಗಂಟೆ ಮಾತ್ರ" ಎನ್ನುವವರು ಅದನ್ನೇ ಕಿತ್ತುಕೊಳ್ಳುತ್ತಾರೆ. ಸಮಯ, ಜಾಗ, ಕಳಿಸಿದವರ ಹೆಸರು, ಮುಂದಿನ ಮಾಹಿತಿ ಯಾವಾಗ ಎನ್ನುವುದು, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ಮೆಸೇಜ್ ಅನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ವಾಚ್ ಮತ್ತು ವಾರ್ನಿಂಗ್ ಗೊಂದಲ ಎಲ್ಲರಿಗೂ ಇದೆ. ವಾಚ್ ಎಂದರೆ ಚಂಡಮಾರುತ ಬರಬಹುದು, ವಾರ್ನಿಂಗ್ ಎಂದರೆ ಬರುವ ನಿರೀಕ್ಷೆ ಇದೆ. ಜೋರು ಗಾಳಿ ಶುರುವಾಗುವ ಸುಮಾರು 48 ಗಂಟೆ ಮೊದಲು ವಾಚ್ ಕೊಡುತ್ತಾರೆ, 36 ಗಂಟೆ ಮೊದಲು ವಾರ್ನಿಂಗ್. ಖರೀದಿ ಎಲ್ಲ ವಾಚ್‌ಗಿಂತ ಮುಂಚೆ ಮುಗಿದಿರಬೇಕು.

ನಕ್ಷೆಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹವಾಮಾನ ಲೆಕ್ಕ ಹಾಕುವ ಅಮೆರಿಕದ ಕಂಪ್ಯೂಟರ್ ಮಾದರಿ ಜಿಎಫ್‌ಎಸ್ ದಿನಕ್ಕೆ 4 ಸಲ, 16 ದಿನ ಮುಂದಿನವರೆಗೆ ಲೆಕ್ಕ ಹಾಕುತ್ತದೆ. ಅದರ ಕೊನೆಯ ದಿನಗಳಲ್ಲಿ ಆಗಾಗ ಒಂದು ದೈತ್ಯ ಚಂಡಮಾರುತ ಕಾಣಿಸುತ್ತದೆ, ಮುಂದಿನ ಲೆಕ್ಕದಲ್ಲಿ ಮಾಯವಾಗುತ್ತದೆ. ಯಾರೋ ಆ ಒಂದು ಚಿತ್ರ ತೆಗೆದು ಊರಿನ ಹೆಸರು ಹಾಕಿ ಹಂಚುತ್ತಾರೆ, ಕೆಳಗೆ ಬ್ಯಾಟರಿ ಮಾರುವ ಲಿಂಕ್. ಹರಿಕೇನ್ ಸೆಂಟರ್ ಬಿರುಗಾಳಿಯ ದಾರಿ ಹೇಳುವುದು 5 ದಿನದವರೆಗೆ ಮಾತ್ರ, ಆ ಐದನೇ ದಿನಕ್ಕೂ ಸರಾಸರಿ ಸುಮಾರು 200 ಮೈಲಿ ಹೆಚ್ಚು ಕಡಿಮೆ ಆಗುತ್ತದೆ. ಅಂದ ಮೇಲೆ 12 ದಿನ ಮುಂಚೆ ನಿಮ್ಮ ಊರಿನ ಹೆಸರು ಹೇಳುವವರನ್ನು ನಂಬುವುದು ಹೇಗೆ? ಇನ್ನು ಹರಿಕೇನ್ ಸೆಂಟರ್‌ನ ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ಬಿಳಿ ಕೋನ್ ತೋರಿಸುವುದು ಬಿರುಗಾಳಿಯ ಕೇಂದ್ರ ಎಲ್ಲಿ ಹೋಗಬಹುದು ಎಂಬುದನ್ನಷ್ಟೇ. ಅದರ ಹೊರಗಿದ್ದೀರಿ ಎಂದರೆ ನೀರು ಬರುವುದಿಲ್ಲ ಎಂದಲ್ಲ.

"ಕೆಟಗರಿ 5 ಸೇಲ್" ಥರದ ಜಾಹೀರಾತು ಕಂಡರೆ ನನಗೆ ನೋವಾಗುತ್ತದೆ. ಚಂಡಮಾರುತಕ್ಕೆ 1ರಿಂದ 5ರವರೆಗೆ ಕೊಡುವ ಆ ಅಂಕಿ ಅಳೆಯುವುದು ಗಾಳಿಯನ್ನು ಮಾತ್ರ, ಜನ ಜಾಸ್ತಿ ಸಾಯುವುದು ನೀರಿನಿಂದ. 2018ರ ಫ್ಲಾರೆನ್ಸ್ ಚಂಡಮಾರುತ ದಡ ಮುಟ್ಟುವಾಗ ಕೆಟಗರಿ 1 ಅಷ್ಟೇ, ಆದರೂ ನಾರ್ತ್ ಕ್ಯಾರೊಲಿನಾದ ಕೆಲವು ಕಡೆ 30 ಇಂಚಿಗಿಂತ ಹೆಚ್ಚು ಮಳೆ ಸುರಿಯಿತು. 2024ರಲ್ಲಿ ಹೆಲೀನ್ ದಡ ಮುಟ್ಟಿದ್ದು ಫ್ಲಾರಿಡಾದಲ್ಲಿ, ಊರುಗಳು ಕೊಚ್ಚಿಹೋಗಿದ್ದು ನೂರಾರು ಮೈಲಿ ಆಚೆ, ಬೆಟ್ಟದ ಸೀಮೆಯಲ್ಲಿ.

ಕೊಳ್ಳಬೇಕಾದದ್ದು ಇದ್ದೇ ಇರುತ್ತದೆ, ಅದನ್ನು ತಾರೀಕು ನೋಡಿ ಕೊಳ್ಳಿ. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಪ್ರವಾಹದ ಹಾನಿ ಸೇರಿರುವುದಿಲ್ಲ, ಸರ್ಕಾರದ ಪ್ರವಾಹ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಬಿರುಗಾಳಿಗೆ ಹೆಸರಿಟ್ಟ ಮೇಲೆ ಬರುವ ಜಾಹೀರಾತು ನೋಡಿ ಓಡಿದರೆ ಈ ಸಲಕ್ಕೆ ಅದು ಸಿಗುವುದಿಲ್ಲ. ಪಾಲಿಸಿಯಲ್ಲಿ ಚಂಡಮಾರುತಕ್ಕೆ ಬೇರೆ ಡಿಡಕ್ಟಿಬಲ್ ಇದೆಯಾ ನೋಡಿ: 4,00,000 ಡಾಲರ್‌ಗೆ ವಿಮೆ ಮಾಡಿದ ಮನೆಗೆ 2% ಎಂದರೆ ಮೊದಲ 8,000 ಡಾಲರ್ ನಿಮ್ಮ ಜೇಬಿನಿಂದಲೇ.

ಕಿಟಕಿ ಮಾರುವವರು "ಹರಿಕೇನ್ ಪ್ರೂಫ್" ಎಂದರೆ ಅಲ್ಲಿಗೇ ಬಿಡಬೇಡಿ. ಫ್ಲಾರಿಡಾದ ಮಯಾಮಿ-ಡೇಡ್ ಕೌಂಟಿಯ ಒಪ್ಪಿಗೆ ಪತ್ರ ಕೇಳಿ. ಅಲ್ಲಿನ ಪರೀಕ್ಷೆಯಲ್ಲಿ 9 ಪೌಂಡ್ ತೂಕದ ಮರದ ತುಂಡನ್ನು ಗಂಟೆಗೆ ಸುಮಾರು 34 ಮೈಲಿ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ, ಆಮೇಲೆ ಗಾಳಿಯ ಒತ್ತಡವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಾರೆ. ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ. ಜನರೇಟರ್ ಕೊಂಡರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಲ್ಲಿ ಇಡಿ. ಗ್ಯಾರೇಜ್‌ನಲ್ಲಿ ಬೇಡವೇ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಬಿರುಗಾಳಿ ದಾಟಿ ಬದುಕಿದವರು ಅದರಿಂದ ಸಾಯುತ್ತಾರೆ.

ವ್ಯಾಪಾರ ಮಾಡುವವರಿಗೂ ಒಂದು ಮಾತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬರುವಾಗ ಒಂದು ಬಟ್ಟೆ ಕಂಪನಿ, ಮನೆಯಲ್ಲಿ ಬೇಜಾರಾದರೆ 20% ರಿಯಾಯಿತಿ ಇದೆ ಎಂದು ಇಮೇಲ್ ಕಳಿಸಿ ಎಲ್ಲರಿಂದ ಬೈಸಿಕೊಂಡಿತು. ವಾರ್ನಿಂಗ್ ಬಿದ್ದ ಕೂಡಲೇ ಆ ಪ್ರದೇಶಕ್ಕೆ ಹೋಗುವ ಮಾರಾಟದ ಮೆಸೇಜ್‌ಗಳನ್ನೆಲ್ಲ ನಿಲ್ಲಿಸಿ, ಮೊದಲೇ ಟೈಮ್ ಹಾಕಿಟ್ಟವನ್ನೂ ಸೇರಿಸಿ. ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಮಾತ್ರ ತಿಳಿಸಿ.

ಬಿರುಗಾಳಿ ಹೋದ ಮೇಲೆ ಜಾಹೀರಾತು ಮನೆ ಬಾಗಿಲಿಗೇ ಬರುತ್ತದೆ. "ಚಾವಣಿ ಪುಕ್ಕಟೆ, ಇಲ್ಲೊಂದು ಸಹಿ ಹಾಕಿ ಸಾಕು" ಎನ್ನುತ್ತಾರೆ. ಹಾಕಬೇಡಿ. ಮೊದಲು ಹಾನಿಯ ಫೋಟೊ ತೆಗೆಯಿರಿ, ಇನ್ಶೂರೆನ್ಸ್‌ನವರಿಗೆ ತಿಳಿಸಿ, ರಿಪೇರಿಯವರ ಲೈಸೆನ್ಸ್ ಪರೀಕ್ಷಿಸಿ. ವಿಪತ್ತು ನಿರ್ವಹಿಸುವ ಅಮೆರಿಕ ಸರ್ಕಾರದ ಸಂಸ್ಥೆ ಫೆಮಾ ಕೊಡುವ ನೆರವಿಗೆ ಅರ್ಜಿ ಹಾಕಲು ದುಡ್ಡು ಕೊಡಬೇಕಿಲ್ಲ, ಫೆಮಾ ಹೆಸರಲ್ಲಿ ಶುಲ್ಕ ಕೇಳಿದವರು ಮೋಸಗಾರರು. ಅಷ್ಟರೊಳಗೆ ಮಳೆ ಬಂದರೆ ಟಾರ್ಪಾಲ್ ಹೊದಿಸಿ, ಅದರ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.