ಸೇರಿ ಲೆಕ್ಕ ಬಿಡಿಸುವಾಗ ಮೊದಲ ಎರಡು ನಿಮಿಷ ಮಾತು ಬೇಡ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆ ಬ್ಯಾಂಕ್ ಪರೀಕ್ಷೆಗೆ, ಕೇಂದ್ರ ಸರ್ಕಾರಿ ಕೆಲಸದ ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿರುವವರು ಮೂರು-ನಾಲ್ಕು ಜನ ಸೇರಿ ಲೆಕ್ಕ ಬಿಡಿಸಿ, ನಿಜವಾಗಿಯೂ ಉಪಯೋಗ ಇದೆ. ಆದರೆ ಮೊದಲ ಎರಡು ನಿಮಿಷ ಯಾರೂ ಬಾಯಿ ಬಿಡಬಾರದು. ಚುರುಕಿನವರು ಒಬ್ಬರು ಉತ್ತರ ಹೇಳಿಬಿಟ್ಟರೆ ಉಳಿದವರು ಸುಮ್ನೆ ತಲೆ ಆಡಿಸುತ್ತಾರೆ, ಅಲ್ವಾ? ಕಷ್ಟಪಟ್ಟವರೇ ಮೊದಲು ವಿವರಿಸಲಿ. ಕನ್ನಡ, ತುಳು, ಮಲಯಾಳ, ಯಾವುದರಲ್ಲಾದರೂ ಸರಿ.

ಒಂದು ಲೆಕ್ಕ ನೋಡಿ. ಒಂದು ನಲ್ಲಿ ಟ್ಯಾಂಕನ್ನು 12 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 18 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ತೆರೆದರೆ ಎಷ್ಟು ಹೊತ್ತು? ಭಿನ್ನರಾಶಿ ಕೂಡಿಸುತ್ತಾ ಕೂರಬೇಡಿ. 12 ಮತ್ತು 18ರ ಲಸಾಅ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 36. ಟ್ಯಾಂಕಿನಲ್ಲಿ 36 ಪಾಲು ನೀರು ಅಂದುಕೊಳ್ಳಿ. ಗಂಟೆಗೆ ಮೊದಲನೆಯದರಿಂದ 3, ಎರಡನೆಯದರಿಂದ 2, ಒಟ್ಟು 5 ಪಾಲು. 36ನ್ನು 5ರಿಂದ ಭಾಗಿಸಿದರೆ 7.2 ಗಂಟೆ. ಇಲ್ಲೇ ಜಾಸ್ತಿ ಜನ ಎಡವುವುದು: ಅದು 7 ಗಂಟೆ 20 ನಿಮಿಷ ಅಲ್ಲ. 0.2ನ್ನು 60ರಿಂದ ಗುಣಿಸಿ, 12 ನಿಮಿಷ. ಆಳು-ಕೆಲಸದ ಲೆಕ್ಕಕ್ಕೂ ಇದೇ ದಾರಿ.

ಬಾರದ ಲೆಕ್ಕ ಬಿಡುವುದನ್ನೂ ಒಟ್ಟಿಗೇ ಕಲಿಯಿರಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಕ್ಲರ್ಕ್, ಪಿಒ (ಅಧಿಕಾರಿ ಹುದ್ದೆ) ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಎರಡು ನಿಮಿಷದಲ್ಲಿ ದಾರಿ ಹೊಳೆಯದ ಲೆಕ್ಕಕ್ಕೆ ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ಎಲ್ಲರೂ ಸೇರಿ ನೋಡಿ.