ಹುಣಸೆಹಣ್ಣಿಗೆ ಸಿಕ್ಕ ಆನೆ ಕಾಸು

ಚಿತ್ರದುರ್ಗದ ಕೋಟೆ ಕೆಳಗಿನ ನಮ್ಮ ಹಳೇ ಮನೆ ಪಾಲಾಗುವಾಗ ಮನೆಗೆ ಜಗಳ ಆಗಲಿಲ್ಲ. ಆಗಿದ್ದು ಅಟ್ಟದ ಮೇಲಿದ್ದ ಟ್ರಂಕಿಗೆ. ಅದರಲ್ಲಿ 38 ಬೆಳ್ಳಿ ರೂಪಾಯಿ, ಒಂದು ಹಿಡಿ ತಾಮ್ರದ ಕಾಸು, ಜರಿ ಅಂಟಿಸಿದ ರವಿವರ್ಮನ ಲಕ್ಷ್ಮಿ ಪಟ ಇದ್ದವು. ದೇವರ ಮನೆಯಲ್ಲಿ ಅಂಗೈ ಅಗಲದ ಹಿತ್ತಾಳೆಯ ವೀರಭದ್ರನ ಫಲಕ ಬೇರೆ. ರವಿವರ್ಮನ ಚಿತ್ರ ಕೋಟಿಗೆ ಹೋಯಿತೆಂದು ಅಣ್ಣ ಪೇಪರಿನಲ್ಲಿ ಓದಿದ್ದ. ತಂಗಿಗೆ ಇದೆಲ್ಲ ತಲೆನೋವು. "ಎಲ್ಲಾ ತೂಕಕ್ಕೆ ಹಾಕಿ ಮೂರು ಭಾಗ ಮಾಡ್ರಿ" ಅಂದಳು. ಗೊತ್ತಿರುವವರ ಹತ್ತಿರ ಬೆಲೆ ಕಟ್ಟಿಸೋಣ ಅಂದವನು ನಾನು. ಸರಿ, ಕೆಲಸ ನನ್ನ ತಲೆಗೇ ಬಿತ್ತು.

ನಾನಿರುವುದು ದಾವಣಗೆರೆಯಲ್ಲಿ. ಮೊದಲು ಅಲ್ಲಿಯ ಒಂದು ಬೆಳ್ಳಿ ಅಂಗಡಿಗೆ ಹೋದೆ. ರೂಪಾಯಿಗಳನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಸುರಿದು ರೇಟು ಹೇಳಿದರು. ಇಸವಿ ನೋಡಲೇ ಇಲ್ಲ. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಆದರೆ ಯುದ್ಧ ಬಂದ ಮೇಲೆ, 1940ರಿಂದ, ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ತೂಕ ಮಾತ್ರ ಅಷ್ಟೇ. ನಮ್ಮ 38ರಲ್ಲಿ ಒಂಬತ್ತು ಅಂಥವು. ತಂಗಿ ಹೇಳಿದ ಹಾಗೆ ತೂಕ ಮಾಡಿ ಹಂಚಿದ್ದರೆ ಒಬ್ಬರಿಗೆ ಅನ್ಯಾಯ ಆಗುತ್ತಿತ್ತು.

ಆಮೇಲೆ ಹಳೇ ಸಾಮಾನು ಕೊಳ್ಳುವವರೊಬ್ಬರು ಮನೆಗೇ ಬಂದರು. ಲಕ್ಷ್ಮಿ ಪಟ ನೋಡಿ, "ಡೂಪ್ಲಿಕೇಟ್ ಸಾರ್. ಆದ್ರೂ ಇರ್ಲಿ ಬಿಡಿ, ನಾನೇ ತಗೋತೀನಿ" ಅಂದರು. ಡೂಪ್ಲಿಕೇಟ್ ಆದರೆ ಇವರಿಗೆ ಯಾಕೆ ಬೇಕು? ಕೊಳ್ಳುವ ಕೈಯಿಂದ ಬೆಲೆ ಕಟ್ಟಿಸಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ಅತ್ತ ಅಣ್ಣ ಕಾಸಿನ ಫೋಟೋ ಎಲ್ಲೋ ಆನ್‌ಲೈನಿಗೆ ಹಾಕಿದ್ದ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಮೊದಲು ಕಮಿಷನ್ ಕಟ್ಟಿ ಅಂತ ಫೋನ್ ಬಂತು. ಇಂಥವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿತ್ತು. ಅದನ್ನು ತೋರಿಸಿದ ಮೇಲೆ ಅಣ್ಣ ಫೋನ್ ಇಟ್ಟ.

ಪರಿಣಿತರ ಹತ್ತಿರ ಹೋಗುವ ಮುಂಚೆ ಒಂದು ವಾರ ಕೂತು ಪಟ್ಟಿ ಮಾಡಿದೆ. ಪ್ರತಿ ವಸ್ತುವಿಗೂ ನಂಬರ್, ಎರಡೂ ಬದಿಯ ಫೋಟೋ, ಜೇಬಿನ ತಕ್ಕಡಿಯಲ್ಲಿ ತೂಕ. ಅಜ್ಜನ ಕಾಲದ ಒಂದು ಮದುವೆ ಫೋಟೋದಲ್ಲಿ ಹಿಂದಿನ ಗೋಡೆ ಮೇಲೆ ಇದೇ ಲಕ್ಷ್ಮಿ ಕಂಡಳು. ಅದನ್ನೂ ಇಟ್ಟುಕೊಂಡೆ. ಪಟ ಎಷ್ಟು ದಿನದಿಂದ ನಮ್ಮ ಮನೆಯಲ್ಲಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಹೊರಡುವ ಹಿಂದಿನ ರಾತ್ರಿ ದುರ್ಗದ ಮನೆಯಲ್ಲೇ ಮಲಗಿದ್ದೆ. ಬೆಳಿಗ್ಗೆ ಎದ್ದರೆ ತಾಮ್ರದ ಕಾಸುಗಳೆಲ್ಲ ತಟ್ಟೆಯಲ್ಲಿ ಫಳಫಳ ಹೊಳೆಯುತ್ತಿವೆ. ದೊಡ್ಡವರು ನೋಡುವುದಲ್ವಾ ಅಂತ ಅಮ್ಮ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದರು. ನನಗೂ ಆಗ ಖುಷಿಯೇ ಆಯಿತು.

ಬೆಂಗಳೂರಿನ ನಾಣ್ಯ ಪರಿಣಿತರಿಗೆ ಅವು ಕಂಡ ತಕ್ಷಣ ಮುಖ ಸಣ್ಣದಾಯಿತು. "ಯಾರು ತೊಳೆದಿದ್ದು?" ನೂರಾರು ವರ್ಷ ಗಾಳಿಗೆ ತಾಮ್ರದ ಮೇಲೆ ಕೂತ ಕಂದು ಬಣ್ಣವೇ ಅದರ ವಯಸ್ಸಿನ ಗುರುತಂತೆ. ಹುಳಿ ಅದನ್ನು ತಿಂದು ಹಾಕುತ್ತದೆ. ಮತ್ತೆ ಬರುವುದಿಲ್ಲ. ಅದರಲ್ಲೊಂದು ಆನೆ ಇರುವ ಟಿಪ್ಪು ಕಾಸು. ಹಿಂಬದಿಯ ಪರ್ಷಿಯನ್ ಅಕ್ಷರ ಓದಿ ಅವರು "ಫರ್ರುಖ್‌ಯಾಬ್ ಹಿಸಾರ್" ಅಂದರು. ಯಾವ ಊರೋ ಅಂದುಕೊಂಡೆ. ನಮ್ಮ ಚಿತ್ರದುರ್ಗವೇ! 1779ರಲ್ಲಿ ಹೈದರ್ ದುರ್ಗ ಹಿಡಿದ ಕಥೆ ಶಾಲೆಯಿಂದಲೂ ಗೊತ್ತಿತ್ತು. ಆಮೇಲೆ ಟಿಪ್ಪು ಊರಿನ ಹೆಸರು ಬದಲಿಸಿ ಇಲ್ಲಿ ಟಂಕಸಾಲೆ ಇಟ್ಟಿದ್ದು ಗೊತ್ತಿರಲಿಲ್ಲ. ನಮ್ಮೂರಲ್ಲೇ ಹುಟ್ಟಿದ ಕಾಸು, ನಮ್ಮಮ್ಮನ ಕೈಯಲ್ಲೇ ಅರ್ಧ ಬೆಲೆ ಕಳೆದುಕೊಂಡಿತ್ತು.

ಈ ಪರಿಣಿತರ ಬಗ್ಗೆ ಎರಡು ಮಾತು ಹೇಳಲೇಬೇಕು. ಎಲ್ಲ ನಾಣ್ಯಕ್ಕೂ ಸೇರಿ 3,000 ರೂಪಾಯಿ ಎಂದು ಮೊದಲೇ ಮಾತಾಡಿದ್ದರು. ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಕೇಳಲಿಲ್ಲ. ಪರ್ಸೆಂಟ್ ಆದರೆ ಬೆಲೆ ಜಾಸ್ತಿ ಹೇಳಿದಷ್ಟೂ ಹೇಳಿದವರಿಗೇ ಲಾಭ, ಅಲ್ವಾ? ಇನ್ನೊಂದು, ಬೆಲೆ ಯಾತಕ್ಕೆ ಬೇಕು ಅಂತ ಕೇಳಿದರು. ಇನ್ಶೂರೆನ್ಸಿಗೆ ಆದರೆ ಅಂಥದ್ದನ್ನೇ ಮತ್ತೆ ಕೊಳ್ಳಲು ಬೇಕಾಗುವ ದುಡ್ಡು ಬರೆಯುತ್ತಾರೆ. ಅದು ಜಾಸ್ತಿ. ಪಾಲಿಗೆ ಆದರೆ ಇವತ್ತು ಮಾರಿದರೆ ಕೈಗೆ ಬರುವ ದುಡ್ಡು. ನಮಗೆ ಬೇಕಿದ್ದದ್ದು ಎರಡನೆಯದು. ಪಟ, ಫಲಕ ನನ್ನ ವಿಷಯ ಅಲ್ಲ ಅಂತ ಇನ್ನೊಬ್ಬರ ಹತ್ತಿರ ಕಳಿಸಿದರು. ನನಗೆ ನಂಬಿಕೆ ಬಂದದ್ದೇ ಆ ಮಾತಿಗೆ.

ಆ ಇನ್ನೊಬ್ಬರು ಲಕ್ಷ್ಮಿಯನ್ನು ಲೆನ್ಸಿನಲ್ಲಿ ತೋರಿಸಿದರು. ಈಗಿನ ಪ್ರಿಂಟಿನಲ್ಲಿ ಚುಕ್ಕಿಗಳು ಲೆಕ್ಕ ಹಾಕಿದ ಹಾಗೆ ಸಾಲಾಗಿ ಕೂತಿರುತ್ತವೆ. ಇದರಲ್ಲಿ ಕೈಯಿಂದ ಇಟ್ಟ ಹಾಗೆ ಏರುಪೇರು. ಕಲ್ಲಚ್ಚಿನ ಹಳೇ ಪ್ರಿಂಟ್ ಹೌದು, ಅಣ್ಣ ಅಂದುಕೊಂಡ ಹಾಗೆ ರವಿವರ್ಮ ಕೈಯಾರೆ ಬರೆದದ್ದಲ್ಲ. ಕೆಳಗೆ ಪ್ರೆಸ್ಸಿನ ಹೆಸರು ಅರ್ಧವೇ ಇತ್ತು. ಯಾವಾಗಲೋ ಫ್ರೇಮ್ ಹಾಕಿದವರು ಚೌಕಟ್ಟಿಗೆ ಹೊಂದಲಿ ಅಂತ ಅಂಚು ಕತ್ತರಿಸಿದ್ದರು. ಅಲ್ಲೂ ಬೆಲೆ ಇಳಿಯಿತು.

ವೀರಭದ್ರನಿಗೆ ನೂರು ವರ್ಷ ದಾಟಿದೆ ಅಂದರು. 1972ರ ಕಾಯ್ದೆ ಪ್ರಕಾರ ಅಷ್ಟು ಹಳೆಯ ಲೋಹದ ಮೂರ್ತಿಯನ್ನು ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು, ದೇಶದ ಹೊರಗೆ ಕಳಿಸುವ ಹಾಗಿಲ್ಲ. ಮಾರುವ ಯೋಚನೆ ನಮಗೂ ಇರಲಿಲ್ಲ. ಫೋಟೋ ಇಟ್ಟು ಅರ್ಜಿ ಹಾಕಿದೆ.

ಪಾಲು ಅರ್ಧ ದಿನದಲ್ಲಿ ಮುಗಿಯಿತು. ರೂಪಾಯಿಗಳನ್ನು ಇಸವಿ ನೋಡಿ ಹಂಚಿದೆವು. ಲಕ್ಷ್ಮಿಯನ್ನು ತಂಗಿ ತಗೊಂಡಳು, ಅಣ್ಣ ಬೇಜಾರಿನಲ್ಲೇ ಹೂಂ ಅಂದ. ಆನೆ ಕಾಸು ನನ್ನ ಹತ್ತಿರ ಇದೆ. ಫಲಕ ಅಮ್ಮನ ದೇವರ ಮನೆಯಲ್ಲೇ ಉಳಿಯಿತು. ಹಬ್ಬದ ಹಿಂದಿನ ದಿನ ಫೋನ್ ಮಾಡುತ್ತಾರೆ: "ಬರೀ ಒಣ ಬಟ್ಟೇಲಿ ಒರೆಸಿದ್ರೆ ದೇವರು ಮಂಕಾಗಿ ಕಾಣ್ತಾನಲ್ಲೋ, ಒಂಚೂರು ಹುಣಸೆಹಣ್ಣು ಮುಟ್ಟಿಸ್ಲಾ?"