ಬೆಲೆ ಇಳಿಸಿಕೊಂಡೇ ಹಣ ಎತ್ತಿದೆ: ಉದ್ಯಮಬಾಗದ ನನ್ನ ಅನುಭವ

"24 ಕೋಟಿ ಕಂಪನಿ ಅಂದಾಂವ ಈಗ 9 ಕೋಟಿ ಅಂದ್ರ ಊರಾಗ ಯಾರು ಮಾರಿ ನೋಡ್ತಾರೋ?" ಅಂತ, ಕಂಪನಿಯ ಬೆಲೆ ಇಳಿಸಿ ಹೂಡಿಕೆದಾರರಿಂದ ಹಣ ತರ್ತೀನಿ ಅಂದಾಗ ನಮ್ಮ ಮಾವ ಕೇಳಿದ್ದರು. ಬೆಂಗಳೂರಿನ ಮೆಂಟರ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಈಗ ಇಬ್ಬರೂ ಸುಮ್ಮನಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಿಎನ್‌ಸಿ ಮಷಿನ್ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಯಂತ್ರ) ಎಷ್ಟು ಹೊತ್ತು ಓಡಿತು, ಯಾಕೆ ನಿಂತಿತು ಅಂತ ಮಾಲೀಕರ ಮೊಬೈಲಿಗೆ ತೋರಿಸುವ ಡಬ್ಬಿ ನಮ್ಮದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಇದಕ್ಕೆ ಗಿರಾಕಿ ಹುಡುಕಬೇಕಿಲ್ಲ, ಗೋಡೆಯಾಚೆಯೇ ಇದ್ದಾರೆ. 2021ರ ಕೊನೆಗೆ 2.4 ಕೋಟಿ ಹೂಡಿಕೆ ಬಂತು, ಪೋಸ್ಟ್ ಮನಿ (ಬಂದ ಹಣವೂ ಸೇರಿ ಕಂಪನಿಯ ಬೆಲೆ) 24 ಕೋಟಿ. ಆ 24 ನಾನು ಕೇಳಿದ್ದಲ್ಲ, ಹೂಡಿಕೆದಾರರೇ ಹೇಳಿದ್ದು. ಆಗ ಹಣ ಅಗ್ಗವಿತ್ತು. 2022ರ ಮೇನಿಂದ ಮುಂದಿನ ಫೆಬ್ರುವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 4ರಿಂದ 6.5ಕ್ಕೆ ಏರಿತು. ನಮ್ಮ ತಿಂಗಳ ಖರ್ಚು ಮಾತ್ರ 14 ಲಕ್ಷದಿಂದ ಕದಲಲಿಲ್ಲ.

ಹಳೇ ಬೆಲೆಗೇ ಸಿಗುತ್ತೆ ಅಂತ ಎಂಟು ತಿಂಗಳು ಕಾದೆ. ಸುಮಾರು 60 ಹೂಡಿಕೆದಾರರ ಮುಂದೆ ಅದೇ ಸ್ಲೈಡು. ಸ್ಲೀಪರ್ ಬಸ್ಸು, ಲಾಡ್ಜು ಅಂತಲೇ ಎರಡು ಲಕ್ಷ ಹೋಯಿತು. 2023ರ ಮಾರ್ಚಿನಲ್ಲಿ ಒಬ್ಬರು ಸಹಿಯ ಹತ್ತಿರ ಬಂದಿದ್ದರು. ಅದೇ ವಾರ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. "ಎರಡು ವಾರ ತಡೀರಿ" ಅಂದವರು ಆಮೇಲೆ ಫೋನೇ ಎತ್ತಲಿಲ್ಲ.

ಆ ಗಾಬರಿಯಲ್ಲಿ ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳಿಗೂ ಹೋದೆ, ಕೊಪ್ಪರಿಗೆಯ ಕಾವು ಅಳೆಯುವ ಸೆನ್ಸರ್ ಹಿಡಿದುಕೊಂಡು. ಹೊಗೆಗೆ ಮೂರೇ ದಿನದಲ್ಲಿ ಸತ್ತವು. ಪಾಕ ನೋಡುವ ಅಜ್ಜ ನೀರಲ್ಲಿ ಬೆರಳಾಡಿಸಿ ಹೇಳಿದ್ದೇ ನಮ್ಮ ಸೆನ್ಸರಿಗಿಂತ ಸರಿಯಿತ್ತು. ನಾಲ್ಕು ಲಕ್ಷ ನೀರಿಗೆ. ಬೆಲ್ಲ ಮಾತ್ರ ಚೆನ್ನಾಗಿತ್ತು.

ಕೊನೆಗೆ ಒಬ್ಬ ಹೂಡಿಕೆದಾರರಿಂದ ಟರ್ಮ್ ಶೀಟ್, ಅಂದರೆ ಷರತ್ತುಗಳ ಪತ್ರ, ಬಂತು. 18 ಕೋಟಿ ಪೋಸ್ಟ್, 3 ಕೋಟಿ ಹಣ. ಎಲ್ಲರೂ ತಗೋ ಅಂದರು. ನಾನು ಕೆಳಗಿನ ಸಾಲು ಓದಿದೆ: ಎರಡು ಪಟ್ಟು ಲಿಕ್ವಿಡೇಶನ್ ಪ್ರಿಫರೆನ್ಸ್, ಅದೂ ಪಾರ್ಟಿಸಿಪೇಟಿಂಗ್. ನಾಳೆ ಕಂಪನಿ 20 ಕೋಟಿಗೆ ಮಾರಿದರೆ ಮೊದಲು ಅವರು ಹಾಕಿದ್ದರ ಎರಡು ಪಟ್ಟು, 6 ಕೋಟಿ, ಅವರದು. ಉಳಿದ 14ರಲ್ಲಿ ಆರನೇ ಒಂದು ಪಾಲೂ ಅವರದೇ. ಒಟ್ಟು 8.3 ಕೋಟಿ! ಇದು 18 ಕೋಟಿಯ ಬೆಲೆ ಅಲ್ಲ, ಬಾಗಿಲಿಗೆ ತೂಗುಹಾಕುವ ಬೋರ್ಡು ಅಷ್ಟೇ.

ಅದನ್ನು ಬಿಟ್ಟು ನಮ್ಮ ಗಿರಾಕಿಗಳ ಹತ್ತಿರವೇ ಹೋದೆ. ಏಳು ಜನ ಫೌಂಡ್ರಿ, ಮಷಿನ್ ಶಾಪ್ ಮಾಲೀಕರು ಸೇರಿ 1.5 ಕೋಟಿ ಹಾಕಿದರು, 9 ಕೋಟಿ ಪೋಸ್ಟಿಗೆ. ಪಾಲು ಅದೇ ಆರನೇ ಒಂದು, ಆದರೆ ಪ್ರಿಫರೆನ್ಸ್ ಒಂದೇ ಪಟ್ಟು, ಪಾರ್ಟಿಸಿಪೇಟಿಂಗ್ ಇಲ್ಲ. ಅಂದರೆ ಹಾಕಿದ ಹಣ ಇಲ್ಲವೇ ಪಾಲು, ಎರಡರಲ್ಲಿ ಯಾವುದು ಹೆಚ್ಚೋ ಅದೊಂದೇ. ಅದೇ 20 ಕೋಟಿ ಲೆಕ್ಕದಲ್ಲಿ ಇವರಿಗೆ ಹೋಗುವುದು 3.3 ಕೋಟಿ. ಷೇರನ್ನು ನ್ಯಾಯವಾದ ಬೆಲೆಗಿಂತ ಹೆಚ್ಚಿಗೆ ಮಾರಿದರೆ ಆ ಹೆಚ್ಚಿನ ಹಣದ ಮೇಲೆ ಬೀಳುವ ಏಂಜೆಲ್ ಟ್ಯಾಕ್ಸ್ ಆಗ ಇನ್ನೂ ಜೀವಂತ. ಬೆಲೆ ಕಡಿಮೆ ಅಂತ ನಮ್ಮ ಸಿಎ ಒಬ್ಬರಿಗೇ ಖುಷಿ.

ಹಣ ಅರ್ಧವೇ ಬಂತಲ್ವಾ? ಕೊರತೆಗೆ ವರ್ಷದ ಶುಲ್ಕ ಮುಂಗಡ ಕೇಳಿದೆ. ಮಷಿನ್ನಿಗೆ 30 ಸಾವಿರದ ಬದಲು 24. ಸುಮಾರು 170 ಮಷಿನ್, 40 ಲಕ್ಷ. ಇಲ್ಲೂ ಎಡವಿದೆ. ಮುಂಗಡದ ಮೇಲೂ ಶೇ 18 ಜಿಎಸ್‌ಟಿ ಕಟ್ಟಬೇಕು. ನಾನು ಅದನ್ನೂ ಸಂಬಳಕ್ಕೆ ಹಾಕಿಬಿಟ್ಟೆ. ಬಡ್ಡಿ ಸಮೇತ ಕಟ್ಟಿದೆ. ತಿಂಗಳ ಖರ್ಚು ಐದೂವರೆ ಲಕ್ಷಕ್ಕೆ ಇಳಿಸಿದೆ. ನನ್ನ ಸಂಬಳ ಹನ್ನೊಂದು ತಿಂಗಳು ಸೊನ್ನೆ.

ಹಳೇ ಹೂಡಿಕೆದಾರರಿಂದ ಆಂಟಿ ಡೈಲ್ಯೂಶನ್ ಹಕ್ಕು (ಮುಂದೆ ಕಡಿಮೆ ಬೆಲೆಗೆ ಷೇರು ಕೊಟ್ಟರೆ ಅವರಿಗೂ ಹೆಚ್ಚು ಷೇರು ಕೊಡಬೇಕು ಅನ್ನುವುದು) ಬಿಡಿಸಿಕೊಂಡದ್ದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಒಂದು ಪತ್ರ, ಎರಡು ಊಟ. ಪತ್ರದಲ್ಲಿ ಏನಿತ್ತು ಅಂತ ಹೇಳಲ್ಲ, ಮುಂದಿನ ಸಲವೂ ಬೇಕಾಗಬಹುದು.

2024ರ ದೀಪಾವಳಿ ಹೊತ್ತಿಗೆ ತಿಂಗಳ ಲೆಕ್ಕ ಲಾಭಕ್ಕೆ ಬಂತು, ಮೂರು ಲಕ್ಷದಷ್ಟು. ತೊಂದರೆ ಒಂದೇ. ಏಳು ಷೇರುದಾರರಲ್ಲಿ ಮೂವರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡ್ತಾರೆ. ಷೇರಿನ ಬೆಲೆ ಕೇಳೋಕಲ್ಲ, "ನಮ್ ಮೂರನೇ ಮಷಿನ್ ರಾತ್ರಿ ಯಾಕ ನಿಂತಿತ್ತು, ನೋಡಿ ಹೇಳ್ರಿ" ಅಂತ.